ಮಕ್ಕಳ ಪೊರೆ ಆಪರೇಷನ್ ಆದಮೇಲೆ: ನೆನಪಿಸುವ ಫೋನು ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ

ಎಲ್ಲರಿಗೂ ನಮಸ್ಕಾರ. ಇಲ್ಲಿ ಸೇರಿರುವವರಲ್ಲಿ ಹೆಚ್ಚಿನವರು ತಾಲ್ಲೂಕು ಆಸ್ಪತ್ರೆಗಳ ನೇತ್ರಾಧಿಕಾರಿಗಳು, ಕಣ್ಣಾಸ್ಪತ್ರೆಗಳ ಕೌನ್ಸೆಲರ್‌ಗಳು, ಶಾಲೆ ಅಂಗನವಾಡಿಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡುವ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರು. ಪೊರೆ ಎಂದರೇನು ಎಂಬಲ್ಲಿಂದ ಶುರುಮಾಡಬೇಕಿಲ್ಲ. ಇವತ್ತಿನ ವಿಷಯ ಒಂದೇ. ಆಪರೇಷನ್ ಆದ ಮಗು ಹೇಳಿದ ದಿನಕ್ಕೆ ತಿರುಗಿ ಬರುವಂತೆ ಮಾಡಲು ಮೊಬೈಲ್ ಫೋನನ್ನು ಹೇಗೆ ಬಳಸಬೇಕು, ಎಷ್ಟರ ಮಟ್ಟಿಗೆ ನಂಬಬೇಕು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಎಸ್ಸೆಮ್ಮೆಸ್ ಕಳಿಸುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಅಗ್ಗದ, ಸುಲಭದ ಭಾಗ. ಅದು ಮರೆತವರನ್ನು ಕರೆತರುತ್ತದೆ. ಬರಲಾಗದವರನ್ನು ಕರೆತರುವುದಿಲ್ಲ. ನಮ್ಮಲ್ಲಿ ತಪ್ಪಿಸಿಕೊಳ್ಳುವ ಮಕ್ಕಳ ಮನೆಗಳಲ್ಲಿ ಈ ಎರಡನೆಯ ಬಗೆಯವು ಬಹಳ. ಆದ್ದರಿಂದ ಸಂದೇಶ ಹೋದಮೇಲೆ ಏನು ಮಾಡುತ್ತೀರಿ ಎಂಬುದಕ್ಕೇ ಹೆಚ್ಚು ತಲೆ ಕೆಡಿಸಿಕೊಳ್ಳಬೇಕು.

ಮರುತಪಾಸಣೆಗೆ ಇಷ್ಟು ಜೋರು ಯಾಕೆ? ದೊಡ್ಡವರ ಪೊರೆ ಆಪರೇಷನ್ ಎಂದರೆ ಮರುದಿನ, ಒಂದು ವಾರ, ಒಂದು ತಿಂಗಳು, ಆಮೇಲೆ ಓದುವ ಕನ್ನಡಕ. ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಅಜ್ಜನಿಗೋ ಅಜ್ಜಿಗೋ ಆದದ್ದನ್ನು ಕಂಡವರು ಮಗುವಿಗೂ ಅಷ್ಟೇ ಎಂದುಕೊಳ್ಳುವುದು ಸಹಜ. ಮಗುವಿನ ಕಣ್ಣಿನ ಕಥೆ ಬೇರೆ. ಹುಟ್ಟಿದಾಗ ಸುಮಾರು 17 ಮಿಲಿಮೀಟರ್ ಉದ್ದವಿದ್ದ ಕಣ್ಣುಗುಡ್ಡೆ ಬೆಳೆದು 23ರ ಆಸುಪಾಸಿಗೆ ಬರುತ್ತದೆ, ಅದರ ಜೊತೆ ಕನ್ನಡಕದ ಪವರ್ ಬದಲಾಗುತ್ತಲೇ ಹೋಗುತ್ತದೆ. ಪೊರೆ ತೆಗೆದಮೇಲೆ ಒಳಗೆ ಕೃತಕ ಲೆನ್ಸ್ ಹಾಕದೆ ಬಿಟ್ಟ ಕೈಗೂಸಿಗೆ +20ರ ಆಸುಪಾಸಿನ ದಪ್ಪ ಗಾಜು ಬೇಕು. ಒಳಗೆ ಲೆನ್ಸ್ ಹಾಕಿದ ಮಗುವಿಗೂ, ಮುಂದೆ ಕಣ್ಣು ಬೆಳೆಯುತ್ತದೆಂದು ಲೆಕ್ಕ ಹಾಕಿ ಬೇಕೆಂದೇ ಪವರ್ ಕಡಿಮೆ ಇಟ್ಟಿರುತ್ತಾರೆ. ಉಳಿದದ್ದನ್ನು ಕನ್ನಡಕ ತುಂಬಬೇಕು. ಮಕ್ಕಳ ಕಣ್ಣು ಆಪರೇಷನ್‌ಗೆ ತೋರುವ ಉರಿಯೂತವೂ ಜೋರು. ಸ್ಟೆರಾಯ್ಡ್ ಹನಿಯನ್ನು ವಾರವಾರಕ್ಕೆ ಇಳಿಸುತ್ತಾ ಬರಬೇಕು. ಬಾಟಲಿ ಖಾಲಿಯಾಯಿತೆಂದು ತಟ್ಟನೆ ನಿಲ್ಲಿಸಿದರೆ ಪಾಪೆ ಲೆನ್ಸಿಗೆ ಅಂಟಿಕೊಳ್ಳಬಹುದು. ಯಾರೂ ನೋಡದೆ ತಿಂಗಳುಗಟ್ಟಲೆ ಹಾಕುತ್ತಲೇ ಹೋದರೆ ಕಣ್ಣಿನ ಒತ್ತಡ ಏರಬಹುದು. ಲೆನ್ಸಿನ ಹಿಂದಿನ ಪದರ ಮತ್ತೆ ಬಿಳಿಯಾಗುವುದು ಮಕ್ಕಳಲ್ಲಿ ಎಷ್ಟು ಸಾಮಾನ್ಯವೆಂದರೆ, ಸುಮಾರು ಆರು ವರ್ಷದೊಳಗಿನವರಿಗೆ ಮೊದಲ ಆಪರೇಷನ್‌ನಲ್ಲೇ ಆ ಪದರಕ್ಕೆ ಕಿಂಡಿ ಮಾಡುತ್ತಾರೆ. ಅಷ್ಟಾದರೂ ಕೆಲವರಲ್ಲಿ ಅದು ಮುಚ್ಚಿಕೊಳ್ಳುತ್ತದೆ.

ಇನ್ನು ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡ ಏರಿ ನೋಟದ ನರ ಹಾಳಾಗುವ ರೋಗ. ಅಮೆರಿಕದಲ್ಲಿ ಒಂದು ಕಣ್ಣಿಗೆ ಮಾತ್ರ ಪೊರೆಯಿದ್ದ 114 ಕೂಸುಗಳನ್ನು, ಒಂದರಿಂದ ಆರು ತಿಂಗಳೊಳಗೆ ಆಪರೇಷನ್ ಮಾಡಿ, ಹತ್ತು ವರ್ಷ ಹಿಂಬಾಲಿಸಿದ ಅಧ್ಯಯನವಿದೆ. ಐದನೇ ವರ್ಷಕ್ಕೆ ಗ್ಲಾಕೋಮಾ ಅಪಾಯ 17%, ಹತ್ತನೇ ವರ್ಷಕ್ಕೆ 22%. ಅಂದರೆ ಐದು ವರ್ಷ ಚೆನ್ನಾಗಿದ್ದ ಕಣ್ಣಿನಲ್ಲೂ ಆಮೇಲೆ ಒತ್ತಡ ಏರಬಹುದು. ಅದು ಏರುವಾಗ ಮಗು ಹೇಳುವುದಿಲ್ಲ, ತಾಯಿಗೂ ಗೊತ್ತಾಗುವುದಿಲ್ಲ. ಮೆದುಳು ಬಳಸದೆ ಬಿಟ್ಟು ನೋಟ ಕುಂದಿದ ಸೋಮಾರಿ ಕಣ್ಣಿನದೂ ಇದೇ ಪಾಡು. ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಆಪರೇಷನ್ ಆದ ಕಣ್ಣನ್ನು ದುಡಿಸದಿದ್ದರೆ, ಎಂಥ ನುರಿತ ಕೈಯಿಂದ ಆಪರೇಷನ್ ಆಗಿದ್ದರೂ ಆ ಕಣ್ಣು ನೋಡಲು ಕಲಿಯುವುದಿಲ್ಲ.

ಹಾಗಾಗಿ ಮರುದಿನ, ಒಂದು ವಾರ, ಒಂದು ತಿಂಗಳು, ಮೂರು ತಿಂಗಳು, ಆಮೇಲೆ ಮೊದಲ ಕೆಲವು ವರ್ಷ ಮೂರು ತಿಂಗಳಿಗೊಮ್ಮೆ, ಮುಂದೆ ಆರು ತಿಂಗಳಿಗೊಮ್ಮೆ ಎಂದು ಬರೆಯುತ್ತೇವೆ. ವೈದ್ಯರಿಂದ ವೈದ್ಯರಿಗೆ ಸ್ವಲ್ಪ ಹೆಚ್ಚುಕಡಿಮೆ ಇರಬಹುದು. ಮೊದಲ ವಾರದ ಭೇಟಿಗೆ ಬಹುಪಾಲು ಜನ ಬಂದೇ ಬರುತ್ತಾರೆ. ಕಣ್ಣು ಕೆಂಪಗಿರುತ್ತದೆ, ಭಯ ಇರುತ್ತದೆ. ಸೋರಿಕೆ ಶುರುವಾಗುವುದು ಒಂದು ತಿಂಗಳಿನಿಂದ. ಕೆಂಪು ಹೋಯಿತು, ಮಗು ಆಡುತ್ತಿದೆ, ಇನ್ನೇನು ಎಂದು. ಸಂದೇಶ, ಕರೆ, ಹಣ ಎಲ್ಲವನ್ನೂ ಎಲ್ಲಾ ಭೇಟಿಗೂ ಸಮನಾಗಿ ಹಂಚಬೇಡಿ ಎನ್ನುವುದು ಇದಕ್ಕೇ. ಮೂರನೇ, ನಾಲ್ಕನೇ ಭೇಟಿಯ ಮೇಲೆ ಒತ್ತು ಇರಲಿ.

ಈಗ ಪುರಾವೆಯ ಮಾತು. ಫೋನ್ ಸಂದೇಶದಿಂದ ಹಾಜರಾತಿ ಹೆಚ್ಚುತ್ತದೆಯೇ ಎಂದು ನೇರವಾಗಿ, ಮಕ್ಕಳ ಪೊರೆಯಲ್ಲೇ ಪರೀಕ್ಷಿಸಿದವರು ಚೀನಾದ ಗ್ವಾಂಗ್‌ಝೌ ನಗರದ ಝೊಂಗ್‌ಶಾನ್ ಕಣ್ಣಿನ ಕೇಂದ್ರದವರು, 2012ರಲ್ಲಿ ಪ್ರಕಟಿಸಿದರು. 258 ಕುಟುಂಬಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಪ್ರತಿ ಭೇಟಿಗೂ ಮುಂಚೆ ಎಸ್ಸೆಮ್ಮೆಸ್ ಕಳಿಸಿದರು, ಇನ್ನೊಂದಕ್ಕೆ ಎಂದಿನ ಕ್ರಮ. ನಾಲ್ಕು ಭೇಟಿಗಳಲ್ಲಿ ಸಂದೇಶದ ಗುಂಪಿನ ಹಾಜರಾತಿ ಸುಮಾರು 91%, ಇನ್ನೊಂದರದು 62%. ಸುಮಾರು ಮೂರು ಬಾರಿ ನೆನಪಿಸಿದ್ದಕ್ಕೆ ಒಂದು ಭೇಟಿ ಹೆಚ್ಚು ಸಿಕ್ಕಿತು. ಆರೋಗ್ಯ ಸೇವೆಯಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ಫಲ ಅಪರೂಪ.

ಆದರೆ ಇದನ್ನೇ ತಂದು ನಮ್ಮ ಯೋಜನಾ ವರದಿಗೆ ಅಂಟಿಸಬೇಡಿ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2013ರ ಪರಾಮರ್ಶೆ ಬೇರೆಬೇರೆ ರೋಗಗಳ ಎಂಟು ಪ್ರಯೋಗಗಳನ್ನು, 6,615 ಜನರನ್ನು ಒಟ್ಟಿಗಿಟ್ಟು ನೋಡಿತು. ಏನೂ ನೆನಪಿಸದಿದ್ದರೆ ಹಾಜರಾತಿ 67.8%, ಸಂದೇಶ ಕಳಿಸಿದರೆ 78.6%, ಫೋನ್ ಮಾಡಿ ಮಾತಾಡಿದರೆ 80.3%. ಹತ್ತು ಹನ್ನೊಂದು ಶೇಕಡಾ ಅಂಶದ ಲಾಭ, ಅಷ್ಟೆ. ಗ್ವಾಂಗ್‌ಝೌದಲ್ಲಿ ಇಪ್ಪತ್ತೊಂಬತ್ತು ಬಂದದ್ದು ದೊಡ್ಡ ಕೇಂದ್ರವೊಂದರ ಶಿಸ್ತಿನ ಕಾರ್ಯಕ್ರಮದೊಳಗೆ. ಅಂಥ ಶಿಸ್ತು ಇಲ್ಲದ ಕಡೆ ಹತ್ತನ್ನು ನಿರೀಕ್ಷಿಸುವುದು ಪ್ರಾಮಾಣಿಕ ಲೆಕ್ಕ.

ಮೂರನೆಯದು ನಮ್ಮ ಪರಿಸ್ಥಿತಿಗೆ ಹತ್ತಿರ. ಟಾಂಜಾನಿಯಾದ ಮೋಶಿಯಲ್ಲಿ ಕಿಲಿಮಂಜಾರೋ ಕ್ರಿಶ್ಚಿಯನ್ ಮೆಡಿಕಲ್ ಸೆಂಟರ್ ಇದೆ. ಬಡ ಹಳ್ಳಿಗಳು, ದೂರದ ಬಸ್ಸು. 2006ರಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ ಪೊರೆ ಆಪರೇಷನ್ ಆದ ಮಕ್ಕಳಲ್ಲಿ ಎರಡು ವಾರಕ್ಕೆ ಬಂದವರು 67%, ಹತ್ತು ವಾರಕ್ಕೆ 43%. ಊರು ದೂರವಾದಷ್ಟೂ ಬರುವವರು ಕಡಿಮೆ. ಆಮೇಲೆ ಅವರು ಮಾಡಿದ್ದು ಬರೀ ಸಂದೇಶವಲ್ಲ. ಇದಕ್ಕೆಂದೇ ಜನ, ಪ್ರತಿ ಮಗುವಿನ ಜಾಡು ಹಿಡಿಯುವ ದಾಖಲೆ, ಆಪರೇಷನ್‌ಗೆ ಮುಂಚೆ ಮತ್ತು ಆಮೇಲೆ ಕೌನ್ಸೆಲಿಂಗ್, ಮೊಬೈಲ್ ಕರೆ, ಬಂದವರಿಗೆ ಬಸ್ ಖರ್ಚು. ಹಾಜರಾತಿ ಚೆನ್ನಾಗಿ ಏರಿತು. ಅದನ್ನು 2009ರಲ್ಲಿ ಪ್ರಕಟಿಸಿದರು. ಏರಿದ್ದರಲ್ಲಿ ಫೋನಿನ ಪಾಲೆಷ್ಟು, ಬಸ್ ದುಡ್ಡಿನ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ನಮ್ಮ ಮಟ್ಟಿಗೆ ಬಿಡಿಸುವ ಅಗತ್ಯವೂ ಇಲ್ಲ.

ಇನ್ನು ಮಾಡುವ ರೀತಿ.

ಕೆಲಸ ಶುರುವಾಗುವುದು ಡಿಸ್ಚಾರ್ಜ್ ಮೇಜಿನಲ್ಲಿ. ಓಪಿಡಿ ಚೀಟಿ ಮಾಡಿಸುವಾಗ ಕೊಟ್ಟ ನಂಬರನ್ನು ನಂಬಬೇಡಿ. ಅವತ್ತು ಚೀಟಿ ಮಾಡಿಸಿದ್ದು ಮಾವ ಇರಬಹುದು, ಊರಿನಿಂದ ಜೊತೆಗೆ ಬಂದ ಪಕ್ಕದ ಮನೆಯವರಿರಬಹುದು. ಎರಡು ನಂಬರ್ ತೆಗೆದುಕೊಳ್ಳಿ, ಸಾಧ್ಯವಾದರೆ ಮೂರು. ತಾಯಿಯದು, ತಂದೆಯದು, ಊರಲ್ಲೇ ಇರುವ ಒಬ್ಬರದು. ಬರೆದುಕೊಂಡ ಕೂಡಲೇ ಅಲ್ಲೇ ರಿಂಗ್ ಕೊಡಿ; ಅಂಕಿ ಅದಲುಬದಲಾದದ್ದು ಆ ಕ್ಷಣದಲ್ಲೇ ಗೊತ್ತಾಗುತ್ತದೆ. ರಿಂಗ್ ಕೊಟ್ಟಮೇಲೆ ಆ ನಂಬರನ್ನು ಅವರ ಫೋನಿನಲ್ಲಿ 'ಕಣ್ಣಾಸ್ಪತ್ರೆ' ಎಂದು ಸೇವ್ ಮಾಡಿಕೊಡಿ. ಗುರುತಿಲ್ಲದ ನಂಬರಿನ ಕರೆ ಎಂದರೆ ಸಾಲದವರು, ಲಾಟರಿ ಮೋಸದವರು ಎಂದು ಜನ ಈಗ ಎತ್ತುವುದೇ ಇಲ್ಲ. ಈ ಅರ್ಧ ನಿಮಿಷದ ಕೆಲಸ ಮುಂದಿನ ಹತ್ತಾರು ಕರೆ ಉಳಿಸುತ್ತದೆ.

ನಂಬರ್ ಜೊತೆ ಇನ್ನೂ ನಾಲ್ಕು ವಿಷಯ ಬರೆದುಕೊಳ್ಳಬೇಕು. ಫೋನು ಹಗಲಲ್ಲಿ ಯಾರ ಕೈಯಲ್ಲಿರುತ್ತದೆ. ಸಂದೇಶ ಓದಬಲ್ಲವರು ಮನೆಯಲ್ಲಿ ಯಾರು, ಯಾವ ಭಾಷೆಯಲ್ಲಿ. ಬಳ್ಳಾರಿ ಕಡೆಯ ಮನೆಯಲ್ಲಿ ತೆಲುಗು, ಬೆಳಗಾವಿ ಗಡಿಯಲ್ಲಿ ಮರಾಠಿ, ಎಷ್ಟೋ ಊರುಗಳಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ ಮಾತು. ಕುಟುಂಬ ವರ್ಷದಲ್ಲಿ ಯಾವ ತಿಂಗಳು ಗುಳೆ ಹೋಗುತ್ತದೆ, ಎಲ್ಲಿಗೆ. ಊರಿನ ಆಶಾ ಕಾರ್ಯಕರ್ತೆ ಯಾರು, ಉಪಕೇಂದ್ರ ಯಾವುದು. ಗುಳೆಯ ಪ್ರಶ್ನೆಯನ್ನು ಬಿಟ್ಟರೆ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಮಕ್ಕಳು ಅರ್ಧ ವರ್ಷ ನಿಮ್ಮ ಪಟ್ಟಿಯಲ್ಲಿ 'ಬರಲಿಲ್ಲ' ಎಂದೇ ಉಳಿಯುತ್ತಾರೆ. ಆ ಮಗು ಬೆಂಗಳೂರಿನ ಯಾವುದೋ ಕಟ್ಟಡದ ಶೆಡ್ಡಿನಲ್ಲಿರುತ್ತದೆ. ಮೊದಲೇ ಗೊತ್ತಿದ್ದರೆ ಬೆಂಗಳೂರಿನಲ್ಲೇ ಒಂದು ಆಸ್ಪತ್ರೆಗೆ ಚೀಟಿ ಬರೆದುಕೊಡಬಹುದು.

ತಾರೀಖು ಕೊಡುವುದರಲ್ಲೂ ಬುದ್ಧಿ ಬೇಕು. ಕಂಪ್ಯೂಟರ್ ಮೂವತ್ತು ದಿನ ಕೂಡಿಸಿ ಕೊಟ್ಟ ದಿನ ಅಮಾವಾಸ್ಯೆಯಾಗಿದ್ದರೆ ಅವತ್ತು ಎಷ್ಟೋ ಮನೆಗಳವರು ಮಗುವನ್ನು ಕಟ್ಟಿಕೊಂಡು ಪ್ರಯಾಣ ಹೊರಡುವುದಿಲ್ಲ. ಊರ ಸಂತೆ, ಜಾತ್ರೆ, ಸುಗ್ಗಿ, ದೊಡ್ಡ ಮಕ್ಕಳ ಪರೀಕ್ಷೆ ಇವೆಲ್ಲ ಇವೆ. ಅಮಾವಾಸ್ಯೆ ದಿನ ಬರಹೇಳಿ, ಬರಲಿಲ್ಲವೆಂದು ಗುರುತು ಹಾಕುವುದು ನಮ್ಮದೇ ಅವಿವೇಕ. ಕ್ಯಾಲೆಂಡರ್ ಮೇಜಿನ ಮೇಲಿಟ್ಟುಕೊಂಡು 'ಬುಧವಾರ ಆಗುತ್ತಾ, ಗುರುವಾರ ಆಗುತ್ತಾ?' ಎಂದು ಕೇಳಿ. ಅವರೇ ಆರಿಸಿದ ದಿನಕ್ಕೆ ಬರುವ ಸಂಭವ ಹೆಚ್ಚು. ಬರೆದಾದಮೇಲೆ 'ಮತ್ತೆ ಯಾವಾಗ ಬರ್ತೀರಿ, ಹೇಳಿ ನೋಡೋಣ' ಎಂದು ಅವರ ಬಾಯಲ್ಲೇ ಹೇಳಿಸಿ. ಮನೆಗೆ ಹೋಗಿ ಗೋಡೆಯ ಕ್ಯಾಲೆಂಡರಿನಲ್ಲಿ ಗುಂಡು ಸುತ್ತಲು ಹೇಳಿ. ಅದಕ್ಕೆ ರೀಚಾರ್ಜ್ ಬೇಡ.

ಎಸ್ಸೆಮ್ಮೆಸ್ ವಿಚಾರಕ್ಕೆ ಬರೋಣ. ಭಾರತದಲ್ಲಿ ಆಸ್ಪತ್ರೆಯ ಹೆಸರಿನಿಂದ ಗುಂಪು ಸಂದೇಶ ಕಳಿಸಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮದಂತೆ ಡಿಎಲ್‌ಟಿ ಎಂಬ ವ್ಯವಸ್ಥೆಯಲ್ಲಿ ನೋಂದಣಿ ಆಗಬೇಕು. ಮೊದಲು ಸಂಸ್ಥೆ, ಆಮೇಲೆ ಸಂದೇಶದ ತಲೆಯಲ್ಲಿ ಕಾಣುವ ಆರಕ್ಷರದ ಹೆಸರು, ಆಮೇಲೆ ಸಂದೇಶದ ಅಚ್ಚು. ಅಚ್ಚಿನಲ್ಲಿ ಮಗುವಿನ ಹೆಸರು, ದಿನ ಇವಕ್ಕೆ ಖಾಲಿ ಜಾಗ ಬಿಟ್ಟಿರುತ್ತೀರಿ. ಉಳಿದದ್ದು ಒಪ್ಪಿಗೆ ಪಡೆದ ಹಾಗೇ ಇರಬೇಕು. ಯಾರೋ ಒಳ್ಳೆಯ ಮನಸ್ಸಿನಿಂದ ಕೊನೆಗೆ 'ಧನ್ಯವಾದ' ಸೇರಿಸಿದರೆ, ಒಂದು ಚುಕ್ಕೆ ಹೆಚ್ಚಾದರೆ ಸಾಕು, ಸಂದೇಶ ದಾರಿಯಲ್ಲೇ ತಿರಸ್ಕಾರವಾಗುತ್ತದೆ. ನಿಮ್ಮ ಪರದೆಯಲ್ಲಿ 'ಕಳಿಸಲಾಗಿದೆ' ಎಂದೇ ಇರುತ್ತದೆ. ಆದ್ದರಿಂದ 'ತಲುಪಿದೆ' ಎಂಬ ಡೆಲಿವರಿ ವರದಿಯನ್ನು ವಾರಕ್ಕೊಮ್ಮೆ ಯಾರಾದರೂ ತೆಗೆದು ನೋಡಲೇಬೇಕು. ಪಟ್ಟಿಯಲ್ಲಿ ಸಿಬ್ಬಂದಿಯೊಬ್ಬರ ನಂಬರನ್ನೂ ಸೇರಿಸಿಟ್ಟರೆ, ಅವತ್ತು ಸಂದೇಶ ಬಾರದಿದ್ದರೆ ತಕ್ಷಣ ಗೊತ್ತಾಗುತ್ತದೆ.

ಕನ್ನಡದಲ್ಲಿ ಕಳಿಸುವಾಗ ಜಾಗದ ಲೆಕ್ಕ ಬೇರೆ. ಇಂಗ್ಲಿಷ್ ಸಂದೇಶಕ್ಕೆ 160 ಅಕ್ಷರ ಹಿಡಿದರೆ ಕನ್ನಡಕ್ಕೆ 70. ಅದೂ ನಾವು ಎಣಿಸುವ ಅಕ್ಷರವಲ್ಲ. ಗುಣಿತದ ಚಿಹ್ನೆ ಒಂದು, ಒತ್ತಿಗಾಗಿ ಒಳಗೆ ಸೇರುವ ಅರ್ಧಚಿಹ್ನೆ ಇನ್ನೊಂದು ಎಂದು ಎಲ್ಲವೂ ಬೇರೆಬೇರೆ ಲೆಕ್ಕವಾಗುತ್ತವೆ. 'ಶಸ್ತ್ರಚಿಕಿತ್ಸೆ' ಕಣ್ಣಿಗೆ ಐದಕ್ಷರ, ಯಂತ್ರಕ್ಕೆ 14. 'ಆಪರೇಷನ್' ಕೂಡ ಐದಕ್ಷರ, ಯಂತ್ರಕ್ಕೆ 7. ಒಂದು ಮಾದರಿ ನೋಡಿ, ಮಗುವಿನ ಹೆಸರು ಸಹನಾ ಎಂದಿಟ್ಟುಕೊಳ್ಳಿ:

ಸಹನಾ ಕಣ್ಣಿನ ತಪಾಸಣೆ ಬುಧವಾರ 12-3 ಬೆಳಿಗ್ಗೆ 9ಕ್ಕೆ. ಕನ್ನಡಕ ತನ್ನಿ.

ಇದು ಸರಿಯಾಗಿ 60. ಉಳಿದದ್ದು 10. ಆಸ್ಪತ್ರೆಯ ಮೊಬೈಲ್ ನಂಬರಿಗೆ ಅಷ್ಟೂ ಬೇಕು, ನಡುವೆ ಬಿಡುವ ಜಾಗ ಸೇರಿದರೆ 11. ಹಾಗಾಗಿ ಒಂದರಲ್ಲೇ ಮುಗಿಸುವ ಜಿಪುಣತನ ಬೇಡ. ಎರಡು ಸಂದೇಶದ ಜಾಗ ತೆಗೆದುಕೊಳ್ಳಿ. ಜೋಡಿಸುವ ಗುರುತಿಗೆ ಸ್ವಲ್ಪ ಹೋಗಿ ಭಾಗಕ್ಕೆ 67ರಂತೆ 134 ಸಿಗುತ್ತದೆ. ಎರಡು ಭಾಗ ಸೇರಿದರೂ ಖರ್ಚು ಒಂದು ರೂಪಾಯಿ ಒಳಗೇ. ಅದರಲ್ಲಿ ಇರಬೇಕಾದವು: ಮಗುವಿನ ಹೆಸರು, ವಾರದ ಹೆಸರು, ತಾರೀಖು, ಏನು ತರಬೇಕು, ಬರಲಾಗದಿದ್ದರೆ ಯಾವ ನಂಬರಿಗೆ ಮಿಸ್ಡ್ ಕಾಲ್ ಕೊಡಬೇಕು. ಮಗುವಿನ ಹೆಸರು ಬಿಡಬಾರದು, ಏಕೆಂದರೆ ವಂಶಪಾರಂಪರ್ಯದ ಪೊರೆ ಇರುವ ಮನೆಗಳಲ್ಲಿ ಅಣ್ಣ ತಂಗಿ ಇಬ್ಬರಿಗೂ ಆಪರೇಷನ್ ಆಗಿರುತ್ತದೆ. ವಾರದ ಹೆಸರು ಬಿಡಬಾರದು, ಜನ ದಿನ ಎಣಿಸುವುದು ವಾರದ ಮೇಲೆ. ರೋಗದ ಹೆಸರು ಬೇಡ; ಫೋನು ಎಷ್ಟು ಕೈ ದಾಟುತ್ತದೋ ಗೊತ್ತಿಲ್ಲ, ಹೆಣ್ಣುಮಗುವಿನ ಕಣ್ಣಿನ ಸುದ್ದಿ ಊರಿಗೆಲ್ಲ ಆಗುವುದನ್ನು ಮನೆಯವರು ಬಯಸುವುದಿಲ್ಲ.

ಹಳೆಯ ಕೀಪ್ಯಾಡ್ ಫೋನುಗಳಲ್ಲಿ ಕನ್ನಡ ಬರೀ ಚೌಕಗಳಾಗಿ ಕಾಣುವುದುಂಟು. ಅದಕ್ಕೇ ಡಿಸ್ಚಾರ್ಜ್ ದಿನವೇ ಒಂದು ಪರೀಕ್ಷಾ ಸಂದೇಶ ಕಳಿಸಿ, ಅವರ ಫೋನಿನಲ್ಲಿ ಹೇಗೆ ಕಾಣುತ್ತದೆಂದು ನೋಡಿ. ಚೌಕ ಕಂಡರೆ, ಅಥವಾ ಮನೆಯಲ್ಲಿ ಓದುವವರಿಲ್ಲದಿದ್ದರೆ, ಆ ಕುಟುಂಬವನ್ನು ಕರೆಯ ಪಟ್ಟಿಗೆ ಹಾಕಿ. ಧ್ವನಿಮುದ್ರಿತ ಕರೆ ಒಂದು ದಾರಿ. ಆದರೆ ಯಂತ್ರದ ಧ್ವನಿ ಕೇಳಿದೊಡನೆ ಬಹಳ ಜನ ಕಟ್ ಮಾಡುತ್ತಾರೆ. ಮೊದಲ ನಾಲ್ಕು ಸೆಕೆಂಡಿನಲ್ಲಿ 'ಕಣ್ಣಾಸ್ಪತ್ರೆ' ಎಂಬ ಮಾತು ಬರದಿದ್ದರೆ ಉಳಿದದ್ದನ್ನು ಯಾರೂ ಕೇಳುವುದಿಲ್ಲ. ಸ್ಮಾರ್ಟ್‌ಫೋನ್ ಇದ್ದವರಿಗೆ ವಾಟ್ಸಾಪ್‌ನಲ್ಲಿ ಅರ್ಧ ನಿಮಿಷದ ದನಿ ಸಂದೇಶ ಒಳ್ಳೆಯದು, ಅದೂ ಡಿಸ್ಚಾರ್ಜ್ ಮಾಡಿದ ಕೌನ್ಸೆಲರ್ ದನಿಯಲ್ಲೇ.

ಯಾವಾಗ ಕಳಿಸಬೇಕು? ಒಂದು ವಾರ ಮುಂಚೆ ಒಂದು, ಎರಡು ದಿನ ಮುಂಚೆ ಇನ್ನೊಂದು. ಮೊದಲನೆಯದು ರಜೆ ಕೇಳಲು, ದುಡ್ಡು ಹೊಂದಿಸಲು. ಎರಡನೆಯದು ಹೊರಡಲು. ಬೆಳಗಿನ ಹೊತ್ತು ಫೋನು ಹೊಲದಲ್ಲೋ ಗಾರೆ ಕೆಲಸದಲ್ಲೋ ಇರುತ್ತದೆ. ಸಂಜೆ ಆರರಿಂದ ಎಂಟು ಒಳ್ಳೆಯ ಸಮಯ. ಅದಕ್ಕಿಂತ ಹೆಚ್ಚು ಸಂದೇಶ ಬೇಡ. ಹನಿ ಹಾಕಿದಿರಾ, ಪಟ್ಟಿ ಕಟ್ಟಿದಿರಾ ಎಂದು ದಿನಾ ಕಳಿಸಿದರೆ ಮೂರನೇ ವಾರಕ್ಕೆ ಯಾರೂ ತೆರೆದು ನೋಡುವುದಿಲ್ಲ, ತಾರೀಖಿನ ಸಂದೇಶವೂ ಅದರಲ್ಲೇ ಮುಳುಗುತ್ತದೆ.

ಅರಿವಳಿಕೆ ಕೊಟ್ಟು ಪರೀಕ್ಷೆ ಮಾಡುವ ದಿನಗಳಿಗೆ ಮಾತ್ರ ಸಂದೇಶದ ಭರವಸೆಯಲ್ಲಿ ಇರಬೇಡಿ. ಹಿಂದಿನ ದಿನ ಸಂಜೆ ಮನುಷ್ಯರೇ ಫೋನ್ ಮಾಡಬೇಕು. ಊಟ, ಹಸುವಿನ ಹಾಲು ಆರು ಗಂಟೆ ಮುಂಚೆ ನಿಲ್ಲಬೇಕು, ಎದೆಹಾಲು ನಾಲ್ಕು ಗಂಟೆ, ತಿಳಿ ನೀರು ಎರಡು ಗಂಟೆ. ಇದು ತಪ್ಪಿದರೆ ಮಗು ನೂರೈವತ್ತು ಕಿಲೋಮೀಟರ್ ಬಂದು ಪರೀಕ್ಷೆ ಇಲ್ಲದೆ ವಾಪಸಾಗುತ್ತದೆ. ಆ ಕುಟುಂಬ ಮುಂದಿನ ಸಲ ಬರುವುದು ಅನುಮಾನ. ಇನ್ನೊಂದು ಕಡೆಯ ತಪ್ಪೂ ಉಂಟು: ಖಾಲಿ ಹೊಟ್ಟೆ ಎಂದಷ್ಟೇ ಹೇಳಿದರೆ ಹಿಂದಿನ ರಾತ್ರಿಯಿಂದಲೇ ಕೂಸಿಗೆ ಏನೂ ಕೊಡದೆ, ಅದು ಅತ್ತತ್ತು ಸುಸ್ತಾಗಿ ಬಂದಿರುತ್ತದೆ. ಗಂಟೆ ಹೇಳಿ. 'ಆರು ಗಂಟೆ ಮುಂಚೆ' ಎನ್ನುವ ಬದಲು, ಬೆಳಿಗ್ಗೆ ಎಂಟಕ್ಕೆ ಪರೀಕ್ಷೆಯಿದ್ದರೆ, 'ರಾತ್ರಿ ಎರಡರ ಮೇಲೆ ಹಸುವಿನ ಹಾಲು ಬೇಡ, ನಾಲ್ಕರ ತನಕ ಎದೆಹಾಲು ಕುಡಿಸಿ' ಎಂದು ಗಡಿಯಾರದ ಲೆಕ್ಕದಲ್ಲೇ ಹೇಳಿ.

ಈಗ ಬಾರದವರ ವಿಚಾರ. ನಿಜವಾದ ಕೆಲಸ ಇರುವುದು ಇಲ್ಲಿ. ಅವತ್ತಿನ ಓಪಿಡಿ ಮುಗಿದಮೇಲೆ, ಬರಬೇಕಾದವರ ಪಟ್ಟಿಯನ್ನು ಬಂದವರ ಪಟ್ಟಿಯ ಪಕ್ಕದಲ್ಲಿಟ್ಟು ಬಾರದವರನ್ನು ಅದೇ ಸಂಜೆ ಗುರುತಿಸಬೇಕು. ತಿಂಗಳ ಕೊನೆಗೆ ಮಾಡಿದರೆ ಒಂದು ವಾರದ ಭೇಟಿಗೆ ತಪ್ಪಿಸಿಕೊಂಡ ಕೂಸಿನ ಕಣ್ಣಿಗೆ ಅದು ಬಹಳ ತಡ. ಮರುದಿನ ಕರೆ, ಎತ್ತದಿದ್ದರೆ ಬೇರೆ ಹೊತ್ತಿನಲ್ಲಿ ಇನ್ನೆರಡು ಸಲ, ಆಮೇಲೆ ಎರಡನೇ ನಂಬರ್, ಮೂರನೇ ನಂಬರ್, ಒಂದು ವಾರದೊಳಗೆ ಯಾರೂ ಸಿಗದಿದ್ದರೆ ಆಶಾ ಕಾರ್ಯಕರ್ತೆ ಅಥವಾ ಬಾಲ ಸ್ವಾಸ್ಥ್ಯ ತಂಡ. ಮೊದಲ ತಿಂಗಳೊಳಗಿನ ಭೇಟಿಯಾದರೆ ಈ ಒಂದು ವಾರವನ್ನು ಎರಡು ದಿನಕ್ಕೆ ಇಳಿಸಿ.

ಇದಕ್ಕೆ ಎಷ್ಟು ಜನ ಬೇಕು ಎಂಬ ಪ್ರಶ್ನೆ ಎಲ್ಲ ಆಡಳಿತಾಧಿಕಾರಿಗಳೂ ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 200 ಮಕ್ಕಳ ಆಪರೇಷನ್, ತಲಾ ನಾಲ್ಕು ಭೇಟಿ ಎಂದರೆ 800. ನೂರಕ್ಕೆ ಮೂವತ್ತು ತಪ್ಪಿದರೆ 240, ಅಂದರೆ ವಾರಕ್ಕೆ ಐದು ಮಕ್ಕಳೂ ಇಲ್ಲ. ಒಬ್ಬೊಬ್ಬರಿಗೆ ಮೂರು ಕರೆ ಎಂದರೂ ವಾರಕ್ಕೆ ಹದಿನೈದು. ಒಬ್ಬ ಕೌನ್ಸೆಲರ್‌ನ ಎರಡು ಗಂಟೆಯ ಕೆಲಸ. ಆಳು ಹೆಚ್ಚು ಬೇಕಿಲ್ಲ. ಇದು ಇಂಥವರದೇ ಕೆಲಸ ಎಂದು ಬರೆದಿಡಬೇಕು, ಅವರು ರಜೆ ಹೋದಾಗ ಯಾರು ಎಂಬುದನ್ನೂ ಸೇರಿಸಿ. ಎಲ್ಲರದೂ ಎಂದರೆ ಯಾರದೂ ಅಲ್ಲ.

ಕರೆ ಮಾಡಿದಾಗ ಮೊದಲ ಮಾತು 'ಯಾಕೆ ಬರಲಿಲ್ಲ?' ಆಗಿರಬಾರದು. ಬೈಸಿಕೊಳ್ಳಲು ಯಾರೂ ಎರಡನೇ ಸಲ ಫೋನ್ ಎತ್ತುವುದಿಲ್ಲ. ಹುಬ್ಬಳ್ಳಿ ಧಾರವಾಡದ ಕಡೆಯ ಮನೆಗಾದರೆ ಹೀಗೆ ಶುರುಮಾಡಬಹುದು:

'ನಮಸ್ಕಾರ್ರೀ ಅಕ್ಕಾರ, ಕಣ್ಣಿನ ದವಾಖಾನಿಯಿಂದ ಮಾತಾಡಾಕತ್ತೇವಿ. ಮಗಳ ಕಣ್ಣು ಹೆಂಗೈತ್ರೀ? ಚಷ್ಮಾ ಹಾಕ್ಕೋತಾಳೇನ್ರೀ?'

ಚಷ್ಮಾ ಎಂದ ಕೂಡಲೇ ಅರ್ಧ ಕಥೆ ತಾನಾಗಿ ಹೊರಬರುತ್ತದೆ. ಮುರಿದಿದೆ, ಮಗು ಕಿತ್ತು ಎಸೆಯುತ್ತದೆ, ಅತ್ತೆ ಬೇಡವೆನ್ನುತ್ತಾರೆ. ಅದರ ಹಿಂದೆಯೇ ಕಣ್ಣು ಕೆಂಪಾಗಿದೆಯೇ, ನೋವಿದೆಯೇ, ಕೀವು ಬರುತ್ತಿದೆಯೇ, ಬೆಳಕಿಗೆ ಕಣ್ಣು ಮುಚ್ಚಿಕೊಳ್ಳುತ್ತದೆಯೇ, ಪಾಪೆಯಲ್ಲಿ ಮತ್ತೆ ಬಿಳಿ ಕಾಣುತ್ತಿದೆಯೇ, ಒಂದು ಕಣ್ಣು ಇನ್ನೊಂದಕ್ಕಿಂತ ದೊಡ್ಡದಾಗುತ್ತಿದೆಯೇ ಎಂದು ಕೇಳಬೇಕು. ಇವುಗಳಲ್ಲಿ ಯಾವುದಕ್ಕಾದರೂ ಹೌದು ಎಂದರೆ ತಾರೀಖು ಕೊಡಬೇಡಿ, 'ಈಗಲೇ ಹೊರಡಿ' ಎನ್ನಿ, ವೈದ್ಯರಿಗೆ ತಿಳಿಸಿ. ಕರೆ ಮಾಡುವವರ ಮೇಜಿನ ಮೇಲೆ ಈ ಪಟ್ಟಿ ಅಂಟಿಸಿರಬೇಕು.

ಬಾರದ ಕಾರಣವನ್ನು ಒಂದೇ ಮಾತಿನಲ್ಲಿ ಬರೆದುಕೊಳ್ಳಿ: ದುಡ್ಡಿಲ್ಲ, ಕರೆತರುವವರಿಲ್ಲ, ಮಗುವಿಗೆ ಜ್ವರ, ಕೂಲಿ ಬಿಡಲಾಗಲಿಲ್ಲ, ಚೆನ್ನಾಗಿದೆ ಎನಿಸಿತು, ಕಾಣಲೇ ಇಲ್ಲವೆಂದು ಬೇಸರ, ಬೇರೆಡೆ ತೋರಿಸಿದರು, ತಾರೀಖು ನೆನಪಿರಲಿಲ್ಲ. ಆರು ತಿಂಗಳ ಕಾರಣಗಳನ್ನು ಕೂಡಿಸಿ ನೋಡಿದಾಗ ಕೊನೆಯದು ಎಷ್ಟಿದೆಯೋ ಅಷ್ಟೇ ಎಸ್ಸೆಮ್ಮೆಸ್‌ನಿಂದ ಗೆಲ್ಲಬಹುದಾದದ್ದು. ಉಳಿದದ್ದಕ್ಕೆ ಬೇರೆ ಮದ್ದು ಹುಡುಕಬೇಕು.

ದುಡ್ಡಿನ ವಿಚಾರದಲ್ಲಿ ನಮ್ಮ ರಾಜ್ಯಕ್ಕೆ ಒಂದು ಅನುಕೂಲವಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ರಾಜ್ಯದೊಳಗೆ ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ಟಿಕೆಟ್ ಇಲ್ಲ, ಹೆಣ್ಣುಮಗುವಿಗೂ ಇಲ್ಲ. ಫೋನಿನಲ್ಲಿ ಇದನ್ನು ನೆನಪಿಸಿ, ಗುರುತಿನ ಚೀಟಿ ತರಲು ಹೇಳಿ. ಆದರೂ ಒಬ್ಬಳೇ ತಾಯಿ ದೊಡ್ಡ ಊರಿಗೆ ಬರಲು ಎಷ್ಟೋ ಮನೆಗಳಲ್ಲಿ ಬಿಡುವುದಿಲ್ಲ, ತಂದೆ ಬಂದರೆ ಅವನ ಟಿಕೆಟ್ಟೂ ಅವತ್ತಿನ ಕೂಲಿಯೂ ಹೋಯಿತು. ಗಡಿ ದಾಟಿ ಬರುವವರಿಗೆ ಯೋಜನೆ ಅನ್ವಯಿಸುವುದಿಲ್ಲ. ಆಸ್ಪತ್ರೆಗೆ ದಾನಿಗಳಿದ್ದರೆ ಆಪರೇಷನ್ ಲೆಕ್ಕಕ್ಕೆ ಕೊಡುವ ಹಣದಲ್ಲಿ ಒಂದು ಪಾಲನ್ನು ಮರುಭೇಟಿಯ ಬಸ್ ಖರ್ಚಿಗೆ ಎತ್ತಿಡಿ. ಬಂದಮೇಲೆ ಕೊಡುತ್ತೇವೆ ಎಂದರೆ ಹೊರಡಲು ಕೈಯಲ್ಲಿ ಕಾಸಿಲ್ಲದವರು ಹೊರಡುವುದೇ ಇಲ್ಲ. ಈ ಭೇಟಿಗೆ ಬಂದಾಗಲೇ ಮುಂದಿನ ಭೇಟಿಯ ದುಡ್ಡು ಕೊಟ್ಟು ಕಳಿಸುವುದು ಮೇಲು. ಒಂದಷ್ಟು ಹೋಗುತ್ತದೆ, ಹೋಗಲಿ.

ಒಂದು ಮಾತು ನಮ್ಮ ಕಡೆಗೇ. ಬಂದ ಮಗುವನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ? ಬೆಳಿಗ್ಗೆ ನಾಲ್ಕಕ್ಕೆ ಹೊರಟು ಬಂದು, ದೊಡ್ಡವರ ಸಾಲಿನಲ್ಲಿ ಮಧ್ಯಾಹ್ನದ ತನಕ ಕೂತು, ಒತ್ತಡ ನೋಡುವವರು ಊಟಕ್ಕೆ ಹೋಗಿ, ಕನ್ನಡಕ ಮುಂದಿನ ವಾರ ಎಂದು ಹೇಳಿಸಿಕೊಂಡು ಹೋದವರಿಗೆ ಎಂಥ ಸಂದೇಶ ಕಳಿಸಿದರೂ ಅಷ್ಟೆ. ಆಪರೇಷನ್ ಆದ ಮಕ್ಕಳ ಕಾರ್ಡಿಗೆ ಬೇರೆ ಬಣ್ಣ ಕೊಡಿ, ಸಾಲು ಬಿಟ್ಟು ಒಳಗೆ ಕರೆಯಿರಿ. ಪವರ್, ಒತ್ತಡ, ವೈದ್ಯರು, ಕನ್ನಡಕ ನಾಲ್ಕೂ ಒಂದೇ ದಿನ ಆಗಲಿ. ಮಕ್ಕಳ ವೈದ್ಯರು ರಜೆ ಹಾಕಿದರೆ ಅವತ್ತಿನ ಪಟ್ಟಿಯವರಿಗೆಲ್ಲ ಮುಂಚೆಯೇ ಕರೆ ಹೋಗಬೇಕು. ನೆನಪಿಸಲು ಇರುವ ಫೋನು ಬರಬೇಡಿ ಎನ್ನಲೂ ಬೇಕು. ಇದನ್ನು ಬಹಳ ಕಡೆ ಮರೆಯುತ್ತಾರೆ.

ಲೆಕ್ಕ ಇಡುವಾಗ ಮೋಸ ಹೋಗಬೇಡಿ. ಛೇದದಲ್ಲಿ ಆಪರೇಷನ್ ಆದ ಎಲ್ಲ ಮಕ್ಕಳೂ ಇರಬೇಕು, ಫೋನಿಗೆ ಸಿಕ್ಕವರು ಮಾತ್ರ ಅಲ್ಲ. ಒಂದು ವಾರದ ಭೇಟಿಗೆ ಎರಡು ದಿನ ಹಿಂದೆಮುಂದೆ, ತಿಂಗಳಿನದಕ್ಕೆ ಏಳು ದಿನ, ಮೂರು ತಿಂಗಳಿನದಕ್ಕೆ ಹದಿನಾಲ್ಕು ದಿನ ಎಂದು ಗಡಿಯನ್ನು ಮೊದಲೇ ಗೊತ್ತುಮಾಡಿ. ಎರಡು ತಿಂಗಳು ತಡವಾಗಿ ಬಂದವರನ್ನು ಬಂದವರೆಂದೇ ಎಣಿಸಿದರೆ ಅಂಕಿ ಚೆಂದ ಕಾಣುತ್ತದೆ, ಕಣ್ಣು ಚೆಂದವಾಗುವುದಿಲ್ಲ. ಹೆಣ್ಣು ಗಂಡು ಬೇರೆಬೇರೆ ತೆಗೆಯಿರಿ. ದೂರದ ತಾಲ್ಲೂಕು ಹತ್ತಿರದ ತಾಲ್ಲೂಕು ಬೇರೆಬೇರೆ ತೆಗೆಯಿರಿ. ಒಟ್ಟು ಸರಾಸರಿ ಏರಿದಾಗಲೂ ದೂರದ ಊರಿನ ಹೆಣ್ಣುಮಕ್ಕಳ ಸಾಲು ಇದ್ದಲ್ಲೇ ಇರಬಹುದು. ಹಾಜರಾತಿ ಜೊತೆಗೆ, ಬಂದಾಗ ಕನ್ನಡಕ ಮೂಗಿನ ಮೇಲೆ ಇತ್ತೇ ಇಲ್ಲವೇ ಎಂಬ ಒಂದು ಕಾಲಂ ಸೇರಿಸಿ. ಅಷ್ಟರಿಂದಲೇ ಬಹಳ ತಿಳಿಯುತ್ತದೆ.

ನಿಲ್ಲಿಸುವ ಪಟ್ಟಿಯೊಂದು ಇರಬೇಕು. ಬೇರೆ ಆಸ್ಪತ್ರೆಗೆ ಹೋದವರು, ಸಂದೇಶ ಬೇಡವೆಂದವರು, ತೀರಿಕೊಂಡ ಮಕ್ಕಳು. ಹುಟ್ಟಿನಿಂದಲೇ ಪೊರೆಯಿರುವ ಕೆಲವು ಕೂಸುಗಳಿಗೆ ಹೃದಯದ ತೊಂದರೆಯೂ ಇರುತ್ತದೆ, ಎಲ್ಲರೂ ಉಳಿಯುವುದಿಲ್ಲ. ಕಳೆದುಕೊಂಡ ಮನೆಗೆ 'ಕನ್ನಡಕ ತನ್ನಿ' ಎಂದು ತಿಂಗಳು ಬಿಟ್ಟು ತಿಂಗಳು ಸಂದೇಶ ಹೋಗುವುದನ್ನು ಯಾವ ಕ್ಷಮೆಯೂ ಸರಿಮಾಡುವುದಿಲ್ಲ. ವಿಷಯ ತಿಳಿದ ದಿನವೇ ಆ ಹೆಸರು ಪಟ್ಟಿಯಿಂದ ಹೊರಗೆ ಬರಬೇಕು, ಅದನ್ನು ತೆಗೆಯುವ ಅಧಿಕಾರ ಕರೆ ಮಾಡುವ ಕೌನ್ಸೆಲರ್‌ಗೇ ಇರಬೇಕು. ಐಟಿ ವಿಭಾಗಕ್ಕೆ ಅರ್ಜಿ ಬರೆದು ಕಾಯುವಂತಿರಬಾರದು.

ನಂಬರನ್ನು ಪ್ರತಿ ಭೇಟಿಯಲ್ಲೂ ಮತ್ತೆ ಕೇಳಿ. ರೀಚಾರ್ಜ್ ತೀರಿದರೆ ಮೊದಲು ಹೊರಹೋಗುವ ಕರೆ, ಆಮೇಲೆ ಒಳಬರುವ ಕರೆಯೂ ನಿಲ್ಲುತ್ತದೆ. ತಿಂಗಳುಗಟ್ಟಲೆ ಬಳಸದ ನಂಬರ್ ಬೇರೆ ಯಾರದೋ ಪಾಲಾಗುತ್ತದೆ, ಮಗುವಿನ ಹೆಸರಿರುವ ಸಂದೇಶ ಅವರಿಗೆ ಹೋಗುತ್ತದೆ. ಎರಡು ವರ್ಷದಲ್ಲಿ ಆಪರೇಷನ್ ಆದ ಮಗು ಹತ್ತು ವರ್ಷಕ್ಕೆ ಹಾಸ್ಟೆಲ್ ಸೇರಿರಬಹುದು. ಆಗ ವಾರ್ಡನ್ ನಂಬರ್ ಬೇಕು, ತಾರೀಖು ದಸರಾ ರಜೆಗೋ ಬೇಸಿಗೆ ರಜೆಗೋ ಬೀಳಬೇಕು. ಸಂದೇಶ ಕಳಿಸಲು ಮೊದಲ ದಿನ ಒಪ್ಪಿಗೆಗೆ ಸಹಿ ಹಾಕಿದ್ದು ತಂದೆಯೋ ತಾಯಿಯೋ. ಹದಿನೆಂಟು ತುಂಬಿದ ದಿನ ಆ ಸಹಿ ಹಳೆಯದಾಯಿತು. ಒತ್ತಡದ ತಪಾಸಣೆ ಮಾತ್ರ ಆಮೇಲೂ ವರ್ಷಕ್ಕೊಮ್ಮೆ ಆಗಲೇಬೇಕು. ಆದ್ದರಿಂದ ಹದಿನೇಳರ ಭೇಟಿಯಲ್ಲೇ ಹುಡುಗನನ್ನೋ ಹುಡುಗಿಯನ್ನೋ ಕೂರಿಸಿಕೊಂಡು, ಅವರದೇ ನಂಬರ್ ಬರೆದು, ಅಲ್ಲೇ ಒಂದು ರಿಂಗ್ ಕೊಟ್ಟು ನೋಡಿ.